ಮಾಳಿಗೆಯ ಕಣಿಕೆಗೆ ಮೂರನೆಯ ನೋಟಿಸು

ಕಳಕೇಶ ಕೊಟ್ಟಿದ್ದ ಮೂರನೆಯ ನೋಟಿಸಿನ ಮೇಲೆ ನಾಲ್ಕು ಮಿರ್ಚಿ ಇಟ್ಟುಕೊಂಡು ಗುರುಸಂಗಪ್ಪ ತಿನ್ನುತ್ತಿದ್ದ.

‘ಎಚ್ಚರಿಕೆ’ ಎಂಬ ಕೆಂಪಕ್ಷರದ ಮೇಲೆ ಎಣ್ಣೆ ಹರಡಿ ಕಾಗದ ಪಾರದರ್ಶಕವಾಗಿತ್ತು. ಕಳಕೇಶನ ಸಹಿ ಇದ್ದ ಮೂಲೆಗೆ ಆ ಯಜಮಾನ ಹೆಬ್ಬೆರಳು, ತೋರುಬೆರಳು ಎರಡನ್ನೂ ಒರೆಸಿಕೊಂಡ. ಬಾಗಿಲಲ್ಲಿ ನಿಂತಿದ್ದ ಕಳಕೇಶ ಮುಖ ಆಚೆ ತಿರುಗಿಸಿದ.

“ಬರ್ರಿ ಸಾಹೇಬ್ರ, ಚಲೋ ಟೈಮಿಗೆ ಬಂದ್ರಿ. ಬಿಸಿ ಅದಾವ, ಒಂದ್ ತಗೋರಿ,” ಎಂದು ಗುರುಸಂಗಪ್ಪ ಆ ಕಾಗದವನ್ನೇ ಮುಂದಕ್ಕೆ ಸರಿಸಿದ.

“ಅದು ನೋಟಿಸ್ ಐತ್ರಿ, ಯಜಮಾನ್ರ.”

“ಹೌದನ? ಭಾಳ ಚಲೋ ಹಾಳಿ ಬಿಡ್ರಿ. ಬ್ಯಾರೆ ಹಾಳಿ ಆಗಿದ್ರ ಇಷ್ಟೊತ್ತಿಗೆ ಹರದs ಹೋಗಿರ್ತಿತ್ತು.”

ಗುರುಸಂಗಪ್ಪ ಗಜೇಂದ್ರಗಡದ ಹಳೆಯ ಸೀರೆ ವ್ಯಾಪಾರಿ. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ, ಊರ ಹೊರಗೆ ಹೊಲ, ಗುಡ್ಡದ ಬುಡಕ್ಕೆ ಹೊಸ ಮನೆ, ಮನೆಯ ಮಾಳಿಗೆಯ ಮೇಲೆ ಇಪ್ಪತ್ತು ಸೋಲಾರ್ ಪ್ಯಾನಲ್ಲು. ಆ ಪ್ಯಾನಲ್ಲುಗಳನ್ನು ತಪಾಸಣೆ ಮಾಡುವವನು ಕಳಕೇಶ. ಶಿವರಾತ್ರಿ ಕಳೆಯಿತೆಂದರೆ ಗುಡ್ಡದ ಹುಲ್ಲು ದಿನಕ್ಕೊಂದು ಕಡೆ ಉರಿಯುತ್ತದೆ. ಹೊಸ ಚಿಗುರು ಬರಲೆಂದು ಕುರಿಗಾರರು ಹಚ್ಚುತ್ತಾರೋ, ಯಾವನೋ ಬೀಡಿ ಎಸೆಯುತ್ತಾನೋ, ಒಪ್ಪಿಕೊಳ್ಳುವವರು ಯಾರೂ ಇಲ್ಲ. ಮಧ್ಯಾಹ್ನದ ಗಾಳಿಗೆ ಕಿಡಿ ಹಾರಿ ಬುಡದ ಮನೆಗಳ ಮೇಲೆ ಬೀಳುತ್ತದೆ. ಹೀಗಾಗಿ ಒಂದು ಖಾಸಗಿ ಸಂಸ್ಥೆ ಈ ಭಾಗದ ಊರುಗಳಲ್ಲಿ ಮಾಳಿಗೆ ಸೋಲಾರಿನ ಬೆಂಕಿ ಸುರಕ್ಷತೆಗೆಂದು ಅಭಿಯಾನ ಶುರು ಮಾಡಿತ್ತು. ರೋಣದಲ್ಲಿ ಮೋಟರು ವೈಂಡಿಂಗ್ ಮಾಡಿಕೊಂಡಿದ್ದ ಕಳಕೇಶ ಅದರ ಪರಿವೀಕ್ಷಕನಾಗಿದ್ದ.

ಕೆಲಸ ಸಿಕ್ಕ ಮೊದಲ ತಿಂಗಳೇ ಅವನು ಕುಳಿತು ಹತ್ತೊಂಬತ್ತು ನಿಯಮಗಳನ್ನು ಬರೆದ. ಬೆಂಕಿ ಆರಿಸಲು ಹತ್ತಿದವರು ಓಡಾಡಲಿಕ್ಕೆ ಮಾಳಿಗೆಯ ಅಂಚಿನಿಂದ ಮೂರು ಅಡಿ ಜಾಗ ಬಿಡಬೇಕು. ಮೆಟ್ಟಿಲ ಬುಡದಲ್ಲಿ ಕೆಂಪು ಸ್ವಿಚ್ಚು ಇರಬೇಕು. ಪಾರಿವಾಳ ಗೂಡು ಕಟ್ಟದಂತೆ ಪ್ಯಾನಲ್ಲಿನ ಸುತ್ತ ತಂತಿಯ ಜಾಳಿಗೆ ಬಡಿಯಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಏಳನೆಯ ನಿಯಮ. ಪ್ಯಾನಲ್ಲಿನ ಕೆಳಗೆ ಉರಿಯುವಂಥದ್ದು ಏನೊಂದನ್ನೂ ಇಡಕೂಡದು. ಯಾಕೆಂದರೆ ಬಿಸಿಲಿರುವ ತನಕ ಅಲ್ಲಿಯ ತಂತಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ, ಮನೆಯ ಮೇನ್ ಆಫ್ ಮಾಡಿದರೂ ಹೋಗುವುದಿಲ್ಲ. ಒಳ್ಳೆಯ ನಿಯಮಗಳೇ ಅವು. ಬೇಕೆಂದೇ ತಪ್ಪು ಹುಡುಕಿದರೂ ಸಿಗುವಂತಿರಲಿಲ್ಲ.

ಜನ ಮಾತ್ರ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವರ್ಷ ಅವನು ಕಂಡ ಮಾಳಿಗೆಗಳನ್ನು ನೆನೆದರೆ ಈಗಲೂ ಊಟ ಸೇರುವುದಿಲ್ಲ. ಪ್ಯಾನಲ್ಲಿನ ಕೆಳಗೆ ಹತ್ತಿಕಟಿಗೆ, ಹರಕು ಕೌದಿ, ಉಚ್ಚೆ ನಾರುವ ಕೂಸಿನ ಹಾಸಿಗೆ. ಪಾರಿವಾಳದ ಹಿಕ್ಕೆಯಲ್ಲಿ ಮುಳುಗಿದ ತಂತಿ. ಒಬ್ಬಳು ಗಾಜಿನ ಮೇಲೆ ಸಂಡಿಗೆ ಇಟ್ಟು, ಲಗೂ ಒಣಗುತ್ತವೆ ಎಂದು ಅವನೆದುರೇ ಹೊಗಳಿದಳು. ಇನ್ನೊಬ್ಬರ ಮನೆಯಲ್ಲಿ ಕೆಂಪು ಸ್ವಿಚ್ಚಿಗೆ ಅಮಾವಾಸ್ಯೆಯ ಪೂಜೆ ಮಾಡಿ, ಕುಂಕುಮದ ಮೇಲೆ ಎಣ್ಣೆ ಸುರಿದು, ಅದು ಅಲ್ಲಾಡದಂತೆ ಅಂಟಿಹೋಗಿತ್ತು. ಅದರ ಪಕ್ಕದ ಗೋಡೆಗೆ ಗುಟ್ಕಾದ ಉಗುಳು. ಇವರು ಮನುಷ್ಯರೇ, ಎಂದು ಕಳಕೇಶ ಎಷ್ಟೋ ಸಲ ಮೆಟ್ಟಿಲಿಳಿಯುತ್ತ ಕೇಳಿಕೊಂಡಿದ್ದ. ಬ್ಯಾಗಿನಲ್ಲಿ ಸದಾ ಒಂದು ಸಾಬೂನು ಇಟ್ಟುಕೊಂಡೇ ತಿರುಗುತ್ತಿದ್ದ.

ಹುಟ್ಟಿದ ಮನೆಯೂ ಅವನಿಗೆ ಬೇಡವಾಗಿತ್ತು. ರೋಣದ ಹತ್ತಿರದ ಅಸೂಟಿಯಲ್ಲಿ ಅವ್ವ ಸಿದ್ದಲಿಂಗವ್ವ ಒಂದು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದಳು. ಆ ಕಡೆಯ ಹಳೆಯ ಮನೆಗಳಂತೆ ಅದರಲ್ಲೂ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದರಾಚೆ ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ. ಸೆಗಣಿಯ ವಾಸನೆಯಲ್ಲಿ ರೊಟ್ಟಿ ತಿನ್ನಲಾರೆ ಎಂದು ಹೇಳಿಯೇ ಅವನು ಗಜೇಂದ್ರಗಡದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದ.

ಎಲ್ಲ ಹೊಲಸಿಗಿಂತ ಹೊಲಸಾದದ್ದು ಗುರುಸಂಗಪ್ಪನ ಮಾಳಿಗೆ. ಇಪ್ಪತ್ತು ಪ್ಯಾನಲ್ಲಿನ ಕೆಳಗೂ ಜೋಳದ ಒಣ ದಂಟಿನ ಕಣಿಕೆಯನ್ನು ಸಿವುಡು ಸಿವುಡಾಗಿ ಕಟ್ಟಿ, ಒತ್ತಿ ತುಂಬಿಸಿದ್ದ. ಕೆಳಗೆ ಒಟ್ಟಿದರೆ ಬೀದಿಯ ದನ ತಿನ್ನುತ್ತವಂತೆ, ಬಯಲಲ್ಲಿ ಇಟ್ಟರೆ ಬಿಸಿಲಿಗೆ ಮೇವು ಕೆಡುತ್ತದಂತೆ. “ಮ್ಯಾಲ ಕರೆಂಟ್, ಕೆಳಗ ನೆರಳು, ಎರಡೂ ಪುಕ್ಕಟೆ ನೋಡ್ರಿ,” ಎಂದು ಹಲ್ಲು ಕಿಸಿದಿದ್ದ. ಮೂರು ನೋಟಿಸು ನೀರಲ್ಲಿ ಹೋಮ ಮಾಡಿದಂತಾಗಿತ್ತು.

ಮಾರ್ಚ್ ಮೊದಲ ವಾರ ಸಂಸ್ಥೆಯಿಂದ ಫೋನು ಬಂತು. ತಿಂಗಳ ಕೊನೆಗೆ ಅಭಿಯಾನ ಮುಕ್ತಾಯ. ಎರಡು ವರ್ಷದಲ್ಲಿ ಒಂದು ಮಾಳಿಗೆಗೂ ಬೆಂಕಿ ಬಿದ್ದಿಲ್ಲ, ಅಂದಮೇಲೆ ಈ ನಿಯಮಗಳ ಅಗತ್ಯವೇ ಇಲ್ಲ ಎಂದು ಮೇಲಿನವರು ತೀರ್ಮಾನಿಸಿದ್ದರು. ಕಳಕೇಶ ಮತ್ತೆ ರೋಣದ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ ಕೂರಬೇಕು. ಗುರುಸಂಗಪ್ಪ ಅದೇ ಅಂಗಡಿಗೆ ಸುಟ್ಟ ಮೋಟರು ತಂದು, ಏನ್ ಸಾಹೇಬ್ರ ಎಂದು ನಗುತ್ತಾನೆ. ಆ ನಗೆಯನ್ನು, ಆ ಹಲ್ಲಿಗಂಟಿದ ಎಲೆಅಡಿಕೆಯ ಚೂರನ್ನು ಕಳಕೇಶ ಕಣ್ಣಿಗೆ ಕಟ್ಟಿದಂತೆ ಕಂಡ. ಆಗ ಅವನಿಗೆ ಹೊಳೆದದ್ದು ಬಹಳ ಸರಳವಾದ ವಿಚಾರ. ಒಂದು ಮಾಳಿಗೆ ಉರಿದರೆ ಅಭಿಯಾನ ಉಳಿಯುತ್ತದೆ. ಉರಿಯಬೇಕಾದ ಮಾಳಿಗೆ ಯಾವುದೆಂದು ಮೂರು ನೋಟಿಸಿನಲ್ಲಿ ಆಗಲೇ ಬರೆದಾಗಿದೆ.

ಇದು ಅಪರಾಧವೆಂದು ಅವನಿಗೆ ಅನ್ನಿಸಲೇ ಇಲ್ಲ. ತಾನಾಗಿ ಬರಬೇಕಾದ ಬೆಂಕಿ ಸೋಮಾರಿಯಾಗಿದೆ, ಅದನ್ನು ಸ್ವಲ್ಪ ಮುಂದಕ್ಕೆ ನೂಕುವುದಷ್ಟೇ ಎಂದುಕೊಂಡ. ಎಂಟು ದಿನ ಕೂತು ಯೋಜನೆ ಮಾಡಿದ. ಮಾಡುವ ಕೆಲಸ ಸ್ವಚ್ಛವಾಗಿರಬೇಕು ಎಂಬುದು ಅವನ ಸ್ವಭಾವವೇ ಆಗಿತ್ತು.

ಮೊದಲನೆಯದು, ಜೀವಕ್ಕೆ ಅಪಾಯ ಆಗಬಾರದು. ಆ ಶುಕ್ರವಾರ ರೋಣದಲ್ಲಿ ಗುರುಸಂಗಪ್ಪನ ಮೊಮ್ಮಗಳ ನಿಶ್ಚಿತಾರ್ಥ. ಹನ್ನೆರಡರ ಹೊತ್ತಿಗೆ ಮನೆಗೆ ಬೀಗ ಬೀಳುತ್ತದೆ, ಆಳುಮಗ ಬಸ್ಯಾ ಕೂಡ ಅವರ ಜೊತೆಗೇ ಹೋಗುತ್ತಾನೆ. ಕಾಂಕ್ರೀಟಿನ ಮನೆ, ಬೆಂಕಿ ಮಾಳಿಗೆಯಿಂದ ಕೆಳಗಿಳಿಯುವುದಿಲ್ಲ. ಸುಡುವುದು ಕಣಿಕೆ, ಪ್ಯಾನಲ್ಲು, ಮತ್ತು ಆ ಯಜಮಾನನ ಸೊಕ್ಕು. ಎರಡನೆಯದು, ಕಾರಣ. ಗುಡ್ಡದ ಹುಲ್ಲಿಗೆ ಆ ವಾರ ದಿನಾ ಮೂರು ಗಂಟೆಯ ನಂತರ ಬೆಂಕಿ ಬೀಳುತ್ತಿತ್ತು. ಅಂದು ಬಿದ್ದರೆ ಕಿಡಿ ಹಾರಿತು ಎಂದಾಯಿತು. ಬೀಳದಿದ್ದರೆ ಹಗಲು ಹೊತ್ತು, ಪ್ಯಾನಲ್ಲಿನ ತಂತಿಯಲ್ಲೇ ಕಿಡಿ ಹೊತ್ತಿತು ಎಂದಾಯಿತು. ಒಂದು ಬೆಂಕಿಗೆ ಎರಡು ಕಾರಣ ತಯಾರಿದ್ದವು.

ಮೂರನೆಯದು ಡಬ್ಬಿ. ತಂಬಾಕಿನ ಒಂದು ಹಳೆಯ ತಗಡಿನ ಡಬ್ಬಿ, ಅದರೊಳಗೆ ಗಂಟೆ ನಿಗದಿ ಮಾಡುವ ಒಂದು ಸಣ್ಣ ಟೈಮರು, ಉಳಿದದ್ದನ್ನು ಹೇಳಿ ಓದುವವರಿಗೆ ವಿದ್ಯೆ ಕಲಿಸುವುದು ಬೇಡ. ಎಲ್ಲವೂ ಅವನ ಹಳೆಯ ಸಾಮಾನಿನ ಪೆಟ್ಟಿಗೆಯಿಂದ ತೆಗೆದದ್ದು, ಅಂಗಡಿಯಲ್ಲಿ ಒಂದು ಮೊಳೆಯನ್ನೂ ಕೊಂಡಿರಲಿಲ್ಲ. ಸುಟ್ಟ ತಂತಿ, ಕರಗಿದ ಪೆಟ್ಟಿಗೆಗಳ ನಡುವೆ ಇನ್ನೊಂದು ಸುಟ್ಟ ಡಬ್ಬಿಯನ್ನು ಯಾರು ಕೇಳುತ್ತಾರೆ? ಕೇಳಿದರೂ ಸ್ಥಳಕ್ಕೆ ಬಂದು ವರದಿ ಕೊಡುವ ಪರಿವೀಕ್ಷಕ ಅವನೇ. ಆ ವರದಿಯನ್ನೂ ಅವನು ಬುಧವಾರವೇ ಬರೆದಿಟ್ಟಿದ್ದ. ‘ಏಳನೆಯ ನಿಯಮದ ಉಲ್ಲಂಘನೆಯಿಂದ’ ಎಂದು ಶುರುವಾಗುತ್ತಿತ್ತು ಅದು. ಎರಡು ಸಲ ಓದಿ, ಎರಡು ಕಡೆ ಅಲ್ಪವಿರಾಮ ಹಾಕಿದ.

ನಾಲ್ಕನೆಯದು, ತಾನೆಲ್ಲಿರಬೇಕು ಎಂಬುದು. ಅದೇ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ನರೇಗಲ್ಲಿನ ಒಂದು ಸಭಾಭವನದಲ್ಲಿ ಸೋಲಾರ್ ಇದ್ದ ಮನೆಯವರ ಸಭೆ ಕರೆದ. ಮುಖ್ಯ ಅತಿಥಿಯಾಗಿ ಅಗ್ನಿಶಾಮಕ ಠಾಣೆಯ ಅಧಿಕಾರಿ ಆಫ್ತಾಬ ಬರುತ್ತೇನೆ ಎಂದಿದ್ದರು. ಟೈಮರನ್ನು ನಾಲ್ಕೂ ಹದಿನೈದಕ್ಕೆ ಇಡುವುದು. ತಾನು ಏಳನೆಯ ನಿಯಮವನ್ನು ವಿವರಿಸುತ್ತಿರುವಾಗಲೇ ಆಫ್ತಾಬರ ಜೇಬಿನ ಫೋನು ರಿಂಗಾಗುತ್ತದೆ, ಗಜೇಂದ್ರಗಡದಲ್ಲಿ ಮಾಳಿಗೆಗೆ ಬೆಂಕಿ ಬಿದ್ದಿದೆ ಎಂದು. ನಲವತ್ತು ಜನ ಬಾಯಿ ತೆರೆದು ತನ್ನನ್ನು ನೋಡುತ್ತಾರೆ. ಆ ಕ್ಷಣವನ್ನು ನೆನೆದಾಗಲೆಲ್ಲ ಕಳಕೇಶನಿಗೆ ಮೈ ಜುಮ್ಮೆನ್ನುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಅವನು ಗುರುಸಂಗಪ್ಪನ ಮನೆಗೆ ಹೋದ. ಮನೆ ತುಂಬ ಗದ್ದಲ, ಹೆಣ್ಣುಮಕ್ಕಳು ತಾಟು ಜೋಡಿಸುತ್ತಿದ್ದರು. ಬಸ್ಯಾ ಮೆಟ್ಟಿಲು ತೋರಿಸಿ ತನ್ನ ಕೆಲಸಕ್ಕೆ ಹೋದ. ಮಾಳಿಗೆಯ ಮೇಲೆ ಬಿಸಿಲು ಆಗಲೇ ಸುಡುತ್ತಿತ್ತು. ಕಣಿಕೆಯ ಮೇಲೆಲ್ಲ ಪಾರಿವಾಳದ ಹಿಕ್ಕೆ, ಯಾರೋ ಊಟ ಮಾಡಿ ಎಸೆದ ಎಲೆ, ಅದಕ್ಕೆ ಮುತ್ತಿದ ಇರುವೆ. ಮೂಗು ಮುಚ್ಚಿಕೊಂಡು ಬಗ್ಗಿ, ನಡುವಿನ ಸಾಲಿನ ಒಂದು ಸಿವುಡಿನ ಹೊಟ್ಟೆಯೊಳಗೆ ಡಬ್ಬಿಯನ್ನು ಮೊಣಕೈ ತನಕ ತೂರಿಸಿ, ಹಗ್ಗ ಬಿಗಿದ. ಎರಡು ನಿಮಿಷದ ಕೆಲಸ. ಕೈಗೆ ಮೆತ್ತಿದ್ದನ್ನು ನೋಡಿ, ದಡದಡನೆ ಕೆಳಗಿಳಿದು ನಳದ ಕೆಳಗೆ ಮೂರು ಸಲ ಸಾಬೂನು ಹಚ್ಚಿ ತೊಳೆದ.

ಗುರುಸಂಗಪ್ಪ ಹೊಸ ಧೋತರ ಉಟ್ಟು ಪಡಸಾಲೆಯಲ್ಲಿ ಕೂತಿದ್ದ. ಚಹಾ ಕುಡಿಯದೆ ಹೋಗಲು ಬಿಡಲಿಲ್ಲ. ಅದನ್ನೂ ಕಳಕೇಶ ಲೆಕ್ಕಕ್ಕೆ ಹಿಡಿದಿದ್ದ. ಇಷ್ಟು ದಿನ ಇಲ್ಲಿ ಕೂಗಾಡಿದವನು ತಾನು, ಇವತ್ತು ಮೆತ್ತಗೆ ಮಾತಾಡಬೇಕು. ನಾಳೆ ಇವನೇ ಊರಿಗೆಲ್ಲ ಹೇಳಬೇಕು, ಆ ಸಾಹೇಬ ಕೈಮುಗಿದು ಹೇಳಿದ, ನಾನೇ ಕೇಳಲಿಲ್ಲ ಎಂದು.

“ಯಜಮಾನ್ರ, ಇನ್ನ ನೋಟಿಸ್ ಕೊಡೂದಿಲ್ರಿ,” ಎಂದ ಕಳಕೇಶ. “ಈ ತಿಂಗಳಿಗೆ ನನ್ನ ಕೆಲಸ ಮುಗೀತದ. ಮಾಳಿಗಿ ಮ್ಯಾಲ ನಿಮ್ಮ ಮೊಮ್ಮಕ್ಕಳು ಆಡ್ತಾವು. ಅದೊಂದs ನನಗ ಚಿಂತಿ.” ಹಾಗೆಂದು ಎರಡೂ ಕೈ ಜೋಡಿಸಿದ. ಮಾತು ತನಗೇ ಚೆನ್ನಾಗಿ ಕೇಳಿಸಿತು.

ಗುರುಸಂಗಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದ. ಎಮ್ಮೆ ಹೀಗೇ ನೋಡುತ್ತದೆ ಎಂದು ಕಳಕೇಶ ಮನಸ್ಸಿನಲ್ಲೇ ಅಂದುಕೊಂಡ.

“ಇದನ್ನ ಹಿಂಗ ಒಮ್ಮಿನೂ ಹೇಳಿದ್ದಿಲ್ಲಲ್ರಿ ನೀವು,” ಎಂದು ಗುರುಸಂಗಪ್ಪ ನಿಧಾನವಾಗಿ ಅಂದ. ಆಮೇಲೆ ಚಹಾ ಆರುವುದರೊಳಗೆ ಎಲ್ಲರೂ ಕೇಳುವುದನ್ನೇ ಅವನೂ ಕೇಳಿದ. ಊರು ಯಾವುದು, ಯಾರ ಪೈಕಿ, ಮನೆಯಲ್ಲಿ ಯಾರು ಯಾರು, ದನಕರು ಎಷ್ಟು. ಕಳಕೇಶ ಚಹಾದ ಬಶಿಯ ಅಂಚಿನ ಕಲೆಯನ್ನು ನೋಡುತ್ತ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟು, ಉಸಿರು ಬಿಗಿಹಿಡಿದು ಚಹಾ ಕುಡಿದು ಎದ್ದ.

ನರೇಗಲ್ಲಿನ ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕಡಲೆ ಕಿತ್ತ ಎರೆಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು, ಗಾಳಿ ಚೆನ್ನಾಗಿದೆ ಎಂದು ಸಮಾಧಾನವಾಯಿತು. ಡಬ್ಬಿ ಇಟ್ಟದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬುದ್ಧಿ ಇದ್ದವನಿಗೂ ಬುದ್ಧಿ ಇಲ್ಲದವರಿಗೂ ಇಷ್ಟೇ ವ್ಯತ್ಯಾಸ ಎಂದುಕೊಂಡು ಅವನು ತುಸು ಕಣ್ಣು ಮುಚ್ಚಿದ.

ಸಭೆಗೆ ನಲವತ್ತಲ್ಲ, ಐವತ್ತು ಜನ ಬಂದರು. ಕಳಕೇಶ ಬಾಗಿಲಲ್ಲೇ ಹಾಜರಿ ಪುಸ್ತಕ ಇಟ್ಟು ಎಲ್ಲರ ಸಹಿ ತೆಗೆದುಕೊಂಡ, ವೇಳೆಯನ್ನೂ ಬರೆಸಿದ. ಆಫ್ತಾಬರು ಸಮಯಕ್ಕೆ ಸರಿಯಾಗಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಕಡಿಮೆ ಮಾತಿನ, ಗಂಭೀರ ಮನುಷ್ಯ. ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ ಎಂದು ಕಳಕೇಶ ಅವರಿಗೆ ತಾನೇ ನೀರಿನ ಬಾಟಲಿ ತಂದುಕೊಟ್ಟ. ಹೊರಗೆ ಬಾಗಿಲ ಮೇಲೂ ಒಂದು ಸ್ಪೀಕರ್ ಕಟ್ಟಿಸಿದ್ದ, ಸಂತೆಗೆ ಬಂದವರೂ ಕೇಳಲಿ ಎಂದು.

ನಾಲ್ಕು ಗಂಟೆಗೆ ಆರನೆಯ ನಿಯಮ ಮುಗಿಯಿತು. ಏಳನೆಯದಕ್ಕೆ ಬಂದಾಗ ಅವನ ದನಿಗೆ ಬೇರೆಯದೇ ಕಸುವು ಬಂತು. “ಕಣಿಕಿ, ಕಟಗಿ, ಕೌದಿ, ಏನೂ ಇಡಬ್ಯಾಡ್ರಿ ಅಂತ ನಾ ಹೇಳಿದ್ರ ನಗ್ತೀರಿ. ನಾ ಒಬ್ಬರಿಗೆ ಮೂರು ನೋಟಿಸ್ ಕೊಟ್ಟೇನಿ, ಕೇಳವಲ್ರು. ನಾಳೆ ಬೆಂಕಿ ಬಿದ್ದ ಮ್ಯಾಲ ನನ್ನ ನೆನಸ್ತಾರ ನೋಡ್ರಿ,” ಎಂದ. ಗೋಡೆಯ ಗಡಿಯಾರ ನಾಲ್ಕೂ ಏಳು ತೋರಿಸುತ್ತಿತ್ತು.

ಆಗ ಫೋನು ರಿಂಗಾಯಿತು. ಆಫ್ತಾಬರದಲ್ಲ, ಅವನದೇ. ಟೈಮರು ತುಸು ಮೊದಲೇ ಕೆಲಸ ಮಾಡಿತೆಂದು ಕಳಕೇಶನ ಎದೆ ಹಿಗ್ಗಿತು. ಏನಾದರೂ ಹೊಗೆ ಕಂಡರೆ ತಿಳಿಸಿ ಎಂದು ಗುರುಸಂಗಪ್ಪನ ಓಣಿಯವರಿಗೆಲ್ಲ ಅವನು ತನ್ನ ನಂಬರು ಹಂಚಿದ್ದ. ಸುದ್ದಿ ಎಲ್ಲರ ಕಿವಿಗೂ ನೇರವಾಗಿ ಬೀಳಲಿ ಎಂದು, ಹೆಸರನ್ನೂ ನೋಡದೆ, ಫೋನಿನ ಸ್ಪೀಕರ್ ಒತ್ತಿ ಮೈಕಿಗೆ ಹಿಡಿದ.

“ಹೇಳ್ರಿ, ಏನಾತ್ರಿ?”

“ಏನಾಗಿಲ್ಲೋ ತಮ್ಮಾ, ನಾ ನಿಮ್ಮವ್ವ,” ಎಂದಿತು ಫೋನು.

ಸಭೆ ಗೊಳ್ಳೆಂದು ನಕ್ಕಿತು. ಆಫ್ತಾಬರ ಮುಖದಲ್ಲೂ ನಗೆ ಮೂಡಿತು. ಕಳಕೇಶ ಕೆಂಪಗಾಗಿ, “ಆಮ್ಯಾಲ ಮಾಡ್ತೇನಿ ಇಡವ್ವಾ,” ಎಂದ. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಬಿಡಲಿಲ್ಲವೋ.

“ಇಟ್ಟೀಯಪಾ, ಒಂದ್ ಮಾತು ಕೇಳು. ನಿಮ್ಮ ಗಜೇಂದ್ರಗಡದ ಯಜಮಾನ್ರು ಭಾಳ ದೊಡ್ಡ ಮಂದಿ. ನೀ ಕೈಮುಗದು ಹೇಳಿದ್ದು ಅವರ ಮನಸಿಗೆ ನಾಟೇತಂತ. ಮಾಳಿಗಿ ಮ್ಯಾಲಿನ ಕಣಿಕಿ ಒಂದ್ ಸಿವುಡೂ ಬಿಡದ ತಗಸಿ, ರೋಣಕ್ಕ ಹೊಂಟ ಗಾಡ್ಯಾಗ ಹೇರಿ, ಸಾಹೇಬ್ರ ಅವ್ವನ ಎಮ್ಮಿಗೆ ಆಗ್ಲಿ ಅಂತ ಇಲ್ಲಿಗೇ ಕಳಿಸ್ಯಾರ. ಆ ಬಸ್ಯಾ ಅಂಬೋ ಹುಡಗ ಎಲ್ಲಾ ಒಳಗ ತಂದು, ಪಡಸಾಲಿ ಮ್ಯಾಲಿನ ಅಟ್ಟಕ್ಕ ಒಟ್ಟಿ, ನನ್ನ ಕೈಯಾಗಿನ ಮಜ್ಜಿಗಿ ಕುಡದು ಈಗಷ್ಟs ಹೋದ. ನಾನೂ ಬಾಗಲಾ ಹಾಕ್ಕೊಂಡು ಅದರ ಕೆಳಗ ತಂಪಿಗೆ ಅಡ್ಡಾಗೇನಿ ನೋಡು.”

ಗಾಳಿ, ಬಿಸಿಲು, ಗುಡ್ಡ, ಗಡಿಯಾರ, ಸಾಕ್ಷಿ, ವರದಿಯ ಅಲ್ಪವಿರಾಮ ಎಲ್ಲವನ್ನೂ ಎಣಿಸಿದ್ದ ಕಳಕೇಶ, ತಾನು ಹೇಳಿದ್ದನ್ನು ಯಾರಾದರೂ ಒಬ್ಬರು ಕೇಳಿಬಿಡಬಹುದು ಎಂಬುದೊಂದನ್ನು ಎಣಿಸಿರಲಿಲ್ಲ. ನಾಲ್ಕೂ ಒಂಬತ್ತು. “ಅವ್ವಾ, ಹೊರಗ ಬಾ,” ಎಂದ. “ಯಾಕೋ, ಈ ಬಿಸಲಾಗ?” ಎಂದಳು. “ಬಾ ಅಂದ್ರ ಬಾ, ಹೊರಗ ಯಾರೋ ಬಂದಾರ.” “ಬಂದ್ರ ಬಾಗಲಾ ಬಡೀತಾರ ತಗೋ.” ಒಂದು ಗಳಿಗೆ, ಬರೀ ಒಂದು ಗಳಿಗೆ, ಇನ್ನೂ ಯಾವ ಸುಳ್ಳು ಹೇಳಿದರೆ ನಂಬುತ್ತಾಳೆ, ಯಾವುದು ಹೇಳಿದರೆ ತನಗೆ ಅಂಟುವುದಿಲ್ಲ ಎಂದು ಅವನು ತೂಗಿ ನೋಡಿದ. ಹಾಗೆ ತೂಗುತ್ತಿದ್ದೇನೆಂದು ತಿಳಿದ ಕೂಡಲೇ ಅವನಿಗೆ ತನ್ನ ಮೇಲೆ ಹುಟ್ಟಿದ ಹೇಸಿಗೆ ಈ ಎರಡು ವರ್ಷದಲ್ಲಿ ಯಾವ ಮಾಳಿಗೆಯ ಮೇಲೂ ಹುಟ್ಟಿರಲಿಲ್ಲ. “ಆ ಕಣಿಕ್ಯಾಗ ಬೆಂಕಿ ಐತವ್ವಾ! ನಾನs ಇಟ್ಟೇನಿ! ನಾಕೂ ಹದಿನೈದಕ್ಕ ಹತ್ತತದ, ಎಮ್ಮಿ ಬಿಚ್ಚಿಕೊಂಡು ಓಡು!” ಎಂದು ಚೀರಿದ. ಎಡಗೈಯಲ್ಲಿ ಮೈಕು ಇನ್ನೂ ಹಾಗೇ ಇತ್ತು. ಬಾಗಿಲ ಮೇಲಿನ ಸ್ಪೀಕರು ಆ ಮಾತನ್ನು ಬೀದಿಯ ತುದಿಯ ತನಕ ಮುಟ್ಟಿಸಿತು. ಫೋನಿನಲ್ಲಿ ಹಗ್ಗ ಎಳೆಯುವ ಸದ್ದು, ಬಾಗಿಲ ಚಿಲಕ ಸರಿದ ಸದ್ದು, ಆಮೇಲೆ ಅವ್ವನ ಏದುಸಿರು ಕೇಳಿಸಿತು. ಆಫ್ತಾಬರು ಒಂದು ಕೈಯಲ್ಲಿ ಠಾಣೆಗೆ ಫೋನು ಮಾಡಿ ಅಸೂಟಿಯ ಹೆಸರು ಹೇಳುತ್ತಲೇ, ಇನ್ನೊಂದು ಕೈಯಿಂದ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಅದರಲ್ಲಿ ಐವತ್ತು ಜನರ ಹೆಸರು, ಸಹಿ, ವೇಳೆ, ಎಲ್ಲವೂ ಕಳಕೇಶ ಬಯಸಿದಂತೆಯೇ ಸರಿಯಾಗಿ ಇದ್ದವು.